ಪದವಿನ ಬಿಸಿಲಲ್ಲಿ ಬೊಬ್ಬೆ ಹಾಕಿದ ಎ.ಡಿ.: ಒಂದು ಆಪ್ತಸಲಹೆ ಪ್ರಕರಣ

ಮೊದಲೇ ಹೇಳಿಬಿಡ್ತೇನೆ, ಇದ್ರಲ್ಲಿ ಬರುವ ಹುಡುಗನ ಹೆಸ್ರಾಗಲಿ ಊರಾಗಲಿ ಸಿನಿಮಾದ ಹೆಸ್ರಾಗಲಿ ಇಲ್ಲ. ಅವನ ಒಪ್ಪಿಗೆ ತಗೊಂಡೇ ಬರೀತಾ ಇರುದು, ಅದ್ರ ಮೇಲೆ ಬೇರೆ ಒಂದಿಬ್ರು ಸಿನಿಮಾ ಕೆಲಸದವ್ರ ವಿವರವನ್ನೂ ಇದಕ್ಕೇ ಸೇರಿಸಿ ಗುರ್ತು ಸಿಗದ ಹಾಗೆ ಮಾಡಿದ್ದೇನೆ. ಕಾಸರಗೋಡಲ್ಲಿ ಯಾರ ಕತೆ ಹೇಳಿದ್ರೂ ಕೇಳ್ತಾ ಕೂತವ್ರಲ್ಲಿ ಒಬ್ರು ಅವನ ಚಿಕ್ಕಮ್ಮ ಆಗಿರ್ತಾರೆ, ಹಾಗಾಗಿ ಜಾಗ್ರತೆ ಬೇಕು. ಅವನನ್ನ ಇಲ್ಲಿ ಎ.ಡಿ. ಅಂತ್ಲೇ ಕರೀತೇನೆ, ಅಸಿಸ್ಟೆಂಟ್ ಡೈರೆಕ್ಟರ್.

ಫೋನ್ ಮಾಡಿದ್ದು ಅವನ ಅಕ್ಕ. ತಮ್ಮನಿಗೆ 29 ವರ್ಷ, ಶೂಟಿಂಗ್ ಶೆಡ್ಯೂಲ್ ಮುಗಿಸಿ ಮನೆಗೆ ಬಂದವ ಹೊರಗೇ ಹೋಗುದಿಲ್ಲ, ರಾತ್ರಿ ನಿದ್ದೆ ಇಲ್ಲ, ಹಗಲು ಎದ್ದೇಳುದಿಲ್ಲ, ಫೋನ್ ರಿಂಗ್ ಆದ್ರೆ ಬೆಚ್ಚಿ ಬೀಳ್ತಾನೆ, ಮುಂದಿನ ಸಿನಿಮಾಕ್ಕೆ ಕರೆದ್ರೆ ಬರುದಿಲ್ಲ ಅಂತ ಮೆಸೇಜ್ ಹಾಕಿದ್ದಾನೆ. ಮನೆಯವ್ರು ಮೊದಲು ಹುಡುಗಿ ವಿಷಯ ಅಂತ ಗ್ರಹಿಸಿದ್ರು, ಮತ್ತೆ ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದ್ದೂ ಆಯ್ತು, ಯಾವುದೋ ನಾಗನ ಲೆಕ್ಕ ಬಾಕಿ ಉಂಟು ಅಂತ ಬಂತಂತೆ. ನಾನು ಅದಕ್ಕೇನೂ ಹೇಳ್ಲಿಲ್ಲ, ನಾಗನ ಲೆಕ್ಕ ಅವ್ರು ತೀರಿಸ್ಲಿ, ಹುಡುಗನನ್ನ ಇಲ್ಲಿಗೆ ಕಳಿಸಿ ಅಂದೆ.

ಬಂದವ ಕೂತ ಕೂಡ್ಲೇ ಹೇಳಿದ್ದು, "ಮೇಡಂ, ನಂಗೆ ಸಿಟ್ಟು ಕಮ್ಮಿ ಮಾಡುದು ಹೇಗೆ ಅಂತ ಹೇಳಿಕೊಡಿ, ಬೇರೆ ಎಂತ ಬೇಡ."

ಅವನ ಕೆಲಸ ಎಂತದು ಅಂತ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ ವಿಷಯ ತಲೆಗೆ ಹೋಗುದಿಲ್ಲ. ಮನೆ ಮಾತು ಕನ್ನಡ, ಅಂಗಡಿಯಲ್ಲಿ ತುಳು, ಶಾಲೆಯಿಂದ ಹೊರಗೆ ಮಲಯಾಳ, ನಮ್ಮ ಕಡೆ ಮಕ್ಕಳಿಗೆ ಇದೆಲ್ಲ ದೊಡ್ಡ ಸಂಗತಿ ಅಲ್ಲ. ಆದ್ರೆ ಸಿನಿಮಾದವ್ರಿಗೆ ಅದು ಬಂಗಾರ. ಬೇಕಲದ ಕೋಟೆ, ರಾಣಿಪುರಂ ಗುಡ್ಡ, ಹಳೇ ಗುತ್ತಿನ ಮನೆಗಳು, ಅಡಿಕೆ ತೋಟ, ಮುರಕಲ್ಲಿನ ಪದವು (ಗುಡ್ಡದ ಮೇಲಿನ ಕಲ್ಲಿನ ಬಯಲು) ಅಂತ ಹುಡುಕಿಕೊಂಡು ಕೊಚ್ಚಿಯಿಂದಲೂ ಯೂನಿಟ್ ಬರ್ತದೆ, ಬೆಂಗಳೂರಿಂದಲೂ ಬರ್ತದೆ, ಬಂದಾಗ ಎರಡೂ ಕಡೆ ಮಾತಾಡುವ ಲೋಕಲ್ ಹುಡುಗ ಒಬ್ಬ ಬೇಕು. ಹಾಗೆ ಒಳಗೆ ಹೋದವ ಇವ. ಕೊಚ್ಚಿಯವ್ರು ಇವನ ಕಾಸರಗೋಡು ಮಲಯಾಳ ಕೇಳಿ ನಗಾಡ್ತಾರೆ, ಬೆಂಗಳೂರಿನವ್ರು "ನೀವು ಮಲಯಾಳಿ ಅಲ್ವಾ, ಕನ್ನಡ ಚೆನ್ನಾಗಿ ಮಾತಾಡ್ತೀರಿ" ಅಂತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮೂರಿನವ್ರು ಎರಡೂ ಕಡೆಯಿಂದ ಕೇಳಿಸಿಕೊಂಡು ಬಂದದ್ದೇ ಇದು, ನಗಾಡಿ ಬಿಡ್ಬಹುದು, ಆದ್ರೆ ದಿನಕ್ಕೆ ಹದಿನಾರು ಗಂಟೆ ಕೆಲಸ ಮಾಡುವವನಿಗೆ ಅದೂ ಒಂದು ಕಲ್ಲು ಚಪ್ಪಲಿಯೊಳಗೆ ಸಿಕ್ಕಿದ ಹಾಗೇ.

ಹೆಸ್ರಿಗೆ ಅಸಿಸ್ಟೆಂಟ್ ಡೈರೆಕ್ಟರ್. ಮಾಡುದು? ಆರ್ಟಿಸ್ಟ್ ಬಂದ್ರಾ ನೋಡು, ಹಿಂದಿನ ಶಾಟಲ್ಲಿ ವಾಚು ಯಾವ ಕೈಯಲ್ಲಿತ್ತು ನೆನಪಿಟ್ಕೋ, ಪಂಚಾಯ್ತಿಯಲ್ಲಿ ಪರ್ಮಿಶನ್ ಕೇಳು, ಆಚೆ ಮನೆಯವ್ರ ನಾಯಿ ಬೊಗಳ್ತಾ ಉಂಟು ಹೋಗಿ ಸಮಾಧಾನ ಮಾಡು, ಮೇಕಪ್ಪಿಗೆ ಚಾವಡಿ ಬೇಕು ಕೇಳಿ ತಗೋ, ಹೆಂಗಸ್ರಿಗೆ ಟಾಯ್ಲೆಟ್ಟಿಗೆ ಯಾರದ್ದಾದ್ರೂ ಮನೆ ತೋರಿಸು, ಕ್ರೌಡ್ ಹಿಡಿದು ಕೂರಿಸು. ಇವನಿಗೆ ಒಂದು ತೊಂದ್ರೆ ಹೆಚ್ಚು. ಪ್ಯಾಕಪ್ ಆದ್ಮೇಲೆ ಎಲ್ಲರೂ ಗಾಡಿ ಹತ್ತಿ ಹೋಗ್ತಾರೆ, ಇವ ಮಾತ್ರ ಅದೇ ಊರಲ್ಲಿ ಇರ್ಬೇಕು. ಪೇಪರ್ ಪ್ಲೇಟು ತೋಡಲ್ಲಿ ಬಿದ್ದಿದ್ರೆ, ಯಾರದ್ದೋ ಬಾಳೆ ಮುರಿದಿದ್ರೆ ಬೈಗುಳ ಬರುದು ಇವನ ಅಪ್ಪನ ಹತ್ರ.

ಇನ್ನು ನಡೆದದ್ದು. ಮಾರ್ಚ್ ತಿಂಗಳು, ಪದವಿನ ಮೇಲೆ ಜಾತ್ರೆಯ ಸೀನು. ಕ್ರೌಡಿಗೆ ಅವನದ್ದೇ ಊರಿನವ್ರು. ಬೆಳಿಗ್ಗೆ ಆರಕ್ಕೆ ಬರ್ಲಿಕ್ಕೆ ಹೇಳಿದ್ದು, ಸೀನು ಶುರು ಆಗ್ಲಿಕ್ಕೆ ಮಧ್ಯಾಹ್ನ ದಾಟಿತು, ಯಾಕಂದ್ರೆ ಹೀರೋ ಬರುದು ತಡ, ಮತ್ತೆ ಕ್ರೇನ್ ಎಂತದೋ ಸರಿಯಿಲ್ಲ. ಮುರಕಲ್ಲಿನ ಪದವು ಮಾರ್ಚಲ್ಲಿ ಹೇಗಿರ್ತದೆ ಅಂತ ನಮ್ಮ ಕಡೆಯವ್ರಿಗೆ ಹೇಳುದು ಬೇಡ, ಕಲ್ಲು ಕಾದು ಮೇಲಿಂದಲೂ ಬಿಸಿ ಕೆಳಗಿಂದಲೂ ಬಿಸಿ, ಒಂದು ಮರ ಇಲ್ಲ. ಮೂರು ಗಂಟೆ ಹೊತ್ತಿಗೆ ಒಬ್ರು ಅಜ್ಜಿ, ಇವನ ಅಜ್ಜಿಯ ಗೆಳತಿ, ಸಣ್ಣದಿರುವಾಗ ಇವನಿಗೆ ಹಲಸಿನ ಹಪ್ಪಳ ಕೊಟ್ಟವ್ರು, "ಮಗಾ ಇನ್ನು ಎಷ್ಟು ಹೊತ್ತು?" ಅಂತ ಕೇಳಿದ್ದಾರೆ. ಅದು ಐದನೇ ಸಲವೋ ಆರನೇ ಸಲವೋ. ಇವನ ಕೈಯಲ್ಲಿ ಮೈಕ್ ಇತ್ತು. "ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಮಗೆ?" ಅಂತ ಮೈಕಲ್ಲೇ ಬೊಬ್ಬೆ ಹಾಕಿದ್ದಾನೆ. ಇಡೀ ಪದವು ಕೇಳಿತು. ಮಾನಿಟರ್ ಹತ್ರ ಇದ್ದವ್ರು ಕೆಲವರು ನಗಾಡಿದ್ರು, ಚೀಫ್ ಅಸೋಸಿಯೇಟ್, ಅಂದ್ರೆ ಇವನ ಮೇಲಿನವ್ರು, ಬೆನ್ನು ತಟ್ಟಿ, ಈಗ ನೀನು ಎ.ಡಿ. ಆದೆ ಅಂದ್ರಂತೆ.

"ಅದು ಮೇಡಂ. ಬೆನ್ನು ತಟ್ಟಿದ್ದು. ಅದೇ ತಲೆಯಲ್ಲಿ ಕೂತದ್ದು," ಅಂದ.

ಎರಡು ದಿನ ಬಿಟ್ಟು ಅಜ್ಜಿ ದೇವಸ್ಥಾನದಲ್ಲಿ ಸಿಕ್ಕಿದ್ರು. ಇವ ತಿರುಗಿ ಹೋಗುವಷ್ಟರಲ್ಲಿ ಅವ್ರೇ "ಊಟ ಆಯ್ತಾ ಮಗಾ" ಅಂತ ಕೇಳಿದ್ರು, ಎಂತದೂ ಆಗದ ಹಾಗೆ. ಅಲ್ಲಿಂದ ಮನೆಗೆ ಬಂದವ ಮತ್ತೆ ಹೊರಗೆ ಹೋಗ್ಲೇ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೇನೆ. ಇದು ಸಿಟ್ಟಿನ ಕೇಸ್ ಅಲ್ಲ. ಸಿಟ್ಟಿನ ಕೇಸು ನಾನು ತುಂಬಾ ನೋಡಿದ್ದೇನೆ, ಅವ್ರು ಬಂದು "ನನ್ನ ಹೆಂಡ್ತಿ ನನ್ನನ್ನ ಸಿಟ್ಟು ಬರಿಸ್ತಾಳೆ" ಅಂತ ಹೇಳ್ತಾರೆ, "ನಾನು ಹಾಳಾಗಿದ್ದೇನೆ" ಅಂತ ಯಾರೂ ಹೇಳುದಿಲ್ಲ. ಇವನಿಗೆ ದಯೆ ಇಲ್ಲ ಅಂತಲ್ಲ, ದಯೆ ಖರ್ಚು ಮಾಡ್ಲಿಕ್ಕೆ ಬೇಕಾದ ನಿದ್ದೆ, ಊಟ, ಹೊತ್ತು ಯಾವುದೂ ಇವನ ಕೈಯಲ್ಲಿ ಇರ್ಲಿಲ್ಲ. ಹಾಗಾಗಿ ಒಳ್ಳೆಯವನಾಗು, ಉಸಿರು ಎಳಿ, ಹತ್ತರವರೆಗೆ ಎಣಿಸು ಅಂತೆಲ್ಲ ಹೇಳ್ಲಿಕ್ಕೆ ನಾನು ಹೋಗ್ಲಿಲ್ಲ. ಒಂದು ಪುಸ್ತಕ ಕೊಟ್ಟು ಕಳೆದ ಶೆಡ್ಯೂಲಲ್ಲಿ ಯಾವ ದಿನ ಎಷ್ಟು ಗಂಟೆಗೆ ಎದ್ದೆ, ಎಷ್ಟಕ್ಕೆ ತಿಂದೆ, ಎಷ್ಟಕ್ಕೆ ಮಲಗಿದೆ, ಯಾವಾಗ ಯಾವಾಗ ಬೊಬ್ಬೆ ಹಾಕಿದೆ ನೆನಪಿದ್ದಷ್ಟು ಬರಿ ಅಂದೆ. ಕಂಟಿನ್ಯುಟಿ ನೋಡುವವ ಅಲ್ವಾ, ಅವನ ನೆನಪು ಭಯಂಕರ, ವಾಟ್ಸಪ್ ಗ್ರೂಪಿನ ಮೆಸೇಜ್ ನೋಡಿಕೊಂಡು ನೀಟಾಗಿ ಬರ್ಕೊಂಡು ಬಂದ.

ಅದನ್ನ ನೋಡಿದ್ರೆ ಯಾರಿಗೂ ಗೊತ್ತಾಗ್ತದೆ. ಬೊಬ್ಬೆ ಎಲ್ಲ ಬಿದ್ದಿರುದು ಎರಡೇ ಜಾಗದಲ್ಲಿ. ಒಂದು, ಕೆಲಸ ಶುರುವಾಗಿ ಹತ್ತು ಹನ್ನೊಂದು ಗಂಟೆ ಕಳೆದ ಮೇಲೆ. ಇನ್ನೊಂದು, ಮೇಲಿನವ್ರು ಇವನಿಗೆ ಜೋರು ಮಾಡಿ ಐದು ಹತ್ತು ನಿಮಿಷದ ಒಳಗೆ. ಬೆಳಿಗ್ಗೆ ಎಂಟಕ್ಕೆ ಇವ ಯಾರಿಗೂ ಬೈದೇ ಇಲ್ಲ.

ನಿದ್ದೆಯ ವಿಷಯ ಮೊದಲು ತಗೊಂಡೆ, ಯಾಕಂದ್ರೆ ಅದ್ರಲ್ಲಿ ಜೀವದ ಪ್ರಶ್ನೆ ಉಂಟು. ರಾತ್ರಿ ಶೂಟ್ ಮುಗಿಸಿ ಬೆಳಗಿನ ಜಾವ ಬೈಕಲ್ಲಿ ಬೇಕಲದಿಂದ ಈಚೆ ಮನೆಗೆ ಬರ್ತಿದ್ದ, ಲಾಡ್ಜಿನ ರೂಮು ಲೋಕಲ್ ಹುಡುಗನಿಗೆ ಕೊಡುದಿಲ್ಲ ಅಲ್ವಾ, ಮನೆ ಹತ್ರವೇ ಉಂಟಲ್ಲ ಅಂತ. ಹದಿನೇಳು ಹದಿನೆಂಟು ಗಂಟೆ ಎದ್ದೇ ಇದ್ದವನ ಮೆದುಳು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಆಲ್ಕೋಹಾಲ್ ಇರುವವನ ಮೆದುಳಿನಷ್ಟೇ ನಿಧಾನ ಆಗ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಬಿಡುವವನಿಗೆ ಮಿತಿ 30 ಮಿ.ಗ್ರಾಂ. ಅಂದ್ರೆ ಒಂದು ಹನಿ ಕುಡಿಯದೆಯೂ ಪೊಲೀಸ್ ಹಿಡಿಯುವ ಸ್ಥಿತಿಯಲ್ಲಿ ಇವ ಹೈವೇಯಲ್ಲಿ ಬರ್ತಿದ್ದ. 1997ರಲ್ಲಿ ಅಮೆರಿಕದಲ್ಲಿ ಒಬ್ಬ ಅಸಿಸ್ಟೆಂಟ್ ಕ್ಯಾಮೆರಾಮನ್ 19 ಗಂಟೆ ಶೂಟ್ ಮುಗಿಸಿ ಮನೆಗೆ ಕಾರು ಬಿಡುವಾಗ ನಿದ್ದೆ ಹತ್ತಿ ಸತ್ತು ಹೋದ, ಆಮೇಲೆ ಅಲ್ಲಿ ಕೆಲಸದ ಗಂಟೆಗೆ ಮಿತಿ ಬೇಕು ಅಂತ ದೊಡ್ಡ ಗಲಾಟೆಯೇ ಆಯ್ತು. ಇದನ್ನ ಹೇಳಿದಾಗ ಎ.ಡಿ. ಸುಮ್ಮನೆ ಕೂತ, ಮತ್ತೆ ಹೇಳಿದ, ಒಂದು ದಿನ ಚಂದ್ರಗಿರಿ ಸೇತುವೆ ದಾಟಿದ್ದೇ ತನಗೆ ನೆನಪಿಲ್ಲ ಅಂತ.

ಹಾಗಾಗಿ ಮೊದಲ ಸಲಹೆ ಇಷ್ಟೇ: ನೈಟ್ ಮುಗಿದ ಮೇಲೆ ಬೈಕ್ ಮುಟ್ಟುದಿಲ್ಲ. ಯೂನಿಟ್ ಗಾಡಿಯಲ್ಲಿ ಬಿಡ್ಲಿಕ್ಕೆ ಹೇಳು, ಇಲ್ಲಾಂದ್ರೆ ಲೊಕೇಶನಲ್ಲೇ ಎರಡು ಗಂಟೆ ಮಲಗಿ ಎದ್ದು ಹೋಗು. ಇದಕ್ಕೆ ಪ್ರೊಡಕ್ಷನ್ ಕಂಟ್ರೋಲರ್ ಹತ್ರ ಕೇಳುವ ಮಾತನ್ನ ನನ್ನ ಎದುರು ಕೂತೇ ಪ್ರಾಕ್ಟೀಸ್ ಮಾಡಿದ, ಯಾಕಂದ್ರೆ ಊರಿನವ್ರಿಗೋಸ್ಕರ ಕೇಳುವವ ತನಗೋಸ್ಕರ ಕೇಳುವಾಗ ತೊದಲ್ತಾನೆ. ಕುಡಿಯುದು ಕೇಳಿದೆ. ಪ್ಯಾಕಪ್ ಆದ್ಮೇಲೆ ನಿದ್ದೆ ಬರ್ಲಿಕ್ಕೆ ಅಂತ ಎರಡು ಪೆಗ್. ನಿದ್ದೆ ಬೇಗ ಬರ್ತದೆ ನಿಜ, ಆದ್ರೆ ಅರ್ಧ ರಾತ್ರಿಯಾದ ಮೇಲಿನ ನಿದ್ದೆಯನ್ನ ಅದೇ ಒಡೀತದೆ ಅಂತ ಹೇಳಿದೆ. ಪೂರ್ತಿ ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾನೆ, ಸಾಕು ಈಗ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಬರ್ನೌಟನ್ನ ವಿವರಿಸುವಾಗ ಮೂರು ಲಕ್ಷಣ ಹೇಳಿತು, ದಣಿವು, ಕೆಲಸದ ಬಗ್ಗೆ ಮನಸ್ಸು ದೂರ ಆಗುದು ಅಥವಾ ತಾತ್ಸಾರ ಬರುದು, ಮತ್ತೆ ನನ್ನ ಕೈಲಿ ಎಂತದೂ ಆಗುದಿಲ್ಲ ಅನಿಸುದು. ಇದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತಲೂ ಅದ್ರಲ್ಲೇ ಉಂಟು. ಎ.ಡಿ.ಗೆ ನಾನು ಓದಿ ಹೇಳಿದ್ದು ಇದನ್ನೇ, ಅದ್ರಲ್ಲೂ ಎರಡನೆಯದ್ದನ್ನ. ದಣಿದವ್ರಿಗೆ ಎದುರಿನವ್ರು ಮನುಷ್ಯರ ಹಾಗೆ ಕಾಣುದು ಕಮ್ಮಿ ಆಗ್ತದೆ, "ಕ್ರೌಡ್" ಆಗ್ತಾರೆ. ನೀನು ಅಜ್ಜಿಗೆ ಬೈದದ್ದಲ್ಲ, ಕ್ರೌಡಿಗೆ ಬೈದದ್ದು, ಮಾರಾಯ, ಮತ್ತೆ ನೋಡಿದ್ರೆ ಅದು ಅಜ್ಜಿ. ಇದು ಅವನನ್ನ ಬಿಡಿಸ್ಲಿಕ್ಕೆ ಹೇಳಿದ್ದಲ್ಲ, ತಪ್ಪು ತಪ್ಪೇ, ಆದ್ರೆ "ನಾನು ಕೆಟ್ಟವ" ಅಂತ ಮಂಚದಲ್ಲಿ ಬಿದ್ದುಕೊಂಡ್ರೆ ತಪ್ಪು ಸರಿ ಮಾಡ್ಲಿಕ್ಕೆ ಯಾರು ಏಳುದು?

ಎರಡನೇ ಜಾಗ, ಮೇಲಿಂದ ಕೆಳಗೆ ಬರುವ ಬೊಬ್ಬೆ. ನಿರ್ಮಾಪಕ ಡೈರೆಕ್ಟರಿಗೆ, ಡೈರೆಕ್ಟರ್ ಚೀಫ್ ಅಸೋಸಿಯೇಟಿಗೆ, ಅವ್ರು ಎ.ಡಿ.ಗೆ, ಎ.ಡಿ. ಕ್ರೌಡಿಗೆ. ಕ್ರೌಡಿನವ್ರು ಮನೆಗೆ ಹೋಗಿ ಮಕ್ಕಳಿಗೆ, ಅಷ್ಟು ಖಂಡಿತ. ಇದನ್ನ ಇವ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಸಂಬಳ ಅದಕ್ಕೇ ಕೊಡುದು ಅಂತ ಅವನ ವಾದ. ಸರಿ, ನಿಲ್ಲಿಸುದು ಬೇಡ, ಬದಲಾಯಿಸು ಅಂದೆ. ಮೇಲಿಂದ ನಿಂಗೆ ಬರುದು ಬೈಗುಳವೇ ಆಗಿರ್ಲಿ, ಅದ್ರೊಳಗೆ ಒಂದು ಸುದ್ದಿ ಇರ್ತದೆ, ಬೈಗುಳ ನೀನು ಇಟ್ಕೋ ಸುದ್ದಿ ಮಾತ್ರ ಕೆಳಗೆ ಕೊಡು. "ಕ್ರೌಡನ್ನ ಎಂತಕ್ಕೆ ಎಬ್ಬಿಸಿದ್ದು ಕತ್ತೆ" ಅಂತ ವಾಕಿಟಾಕಿಯಲ್ಲಿ ಬಂದ್ರೆ ಮೈಕಲ್ಲಿ ಹೋಗ್ಬೇಕಾದ್ದು "ಇನ್ನೂ ಮುಕ್ಕಾಲು ಗಂಟೆ ಆಗ್ಬಹುದು, ಕ್ರೇನ್ ಸರಿ ಮಾಡ್ತಾ ಇದ್ದಾರೆ, ಬೇಕಾದವ್ರು ಎದ್ದು ಹೋಗಿ ನೀರು ಕುಡ್ದು ಬನ್ನಿ". ಜನ ಕಾಯ್ಲಿಕ್ಕೆ ತಯಾರಿರ್ತಾರೆ, ಆಸ್ಪತ್ರೆಯಲ್ಲಿ ಕಾಯ್ತಾರೆ, ಪಂಚಾಯ್ತಿಯಲ್ಲಿ ಕಾಯ್ತಾರೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುದು ಮಾತ್ರ ಕಷ್ಟ. ಅಜ್ಜಿ ಐದು ಸಲ ಕೇಳಿದ್ದೂ ಅದನ್ನೇ. ಐದು ಸಲದಲ್ಲಿ ಒಂದು ಸಲವೂ ಉತ್ತರ ಸಿಕ್ಕಿರ್ಲಿಲ್ಲ ಅಂತ ಆಗ ಅವನಿಗೆ ಹೊಳೆಯಿತು.

ಕ್ಷಮೆ ಕೇಳುದರ ಬಗ್ಗೆ ಅವನಿಗೆ ದೊಡ್ಡ ಯೋಜನೆ ಇತ್ತು, ಸೀರೆ ತಗೊಂಡು ಹೋಗಿ ಕಾಲು ಹಿಡಿಯುದು ಅಂತೆಲ್ಲ. ಬೇಡ ಅಂದೆ. ಸೀರೆ ಕೊಟ್ರೆ ಅಜ್ಜಿ ಬಾಯಿ ಕಟ್ತದೆ, ಬೈಬೇಕು ಅಂತ ಇದ್ರೂ ಬೈಲಿಕ್ಕೆ ಆಗುದಿಲ್ಲ. ಬರಿಗೈಯಲ್ಲಿ ಹೋಗು, ಬಿಸಿಲಿತ್ತು ನಿದ್ದೆ ಇರ್ಲಿಲ್ಲ ಅಂತ ಕಾರಣ ಹೇಳುದು ಬೇಡ, ಮೈಕಲ್ಲಿ ಹಾಗೆ ಹೇಳಿದ್ದು ತಪ್ಪಾಯ್ತು ಅಂತ ಹೇಳಿ ಅವ್ರು ಎಂತ ಹೇಳ್ತಾರೆ ಕೇಳು, ಆಮೇಲೆ ಎದ್ದು ಬಾ. ಹೋದ. ಅಜ್ಜಿ ಹೇಳಿದ್ದು: "ಬೊಬ್ಬೆ ಹಾಕಿದ್ದು ಇರ್ಲಿ, ನಮ್ಮ ದುಡ್ಡು ಯಾವಾಗ ಕೊಡುದು?"

ಕ್ರೌಡಿಗೆ ಬಂದವ್ರಿಗೆ ಆ ದಿನದ ದುಡ್ಡು ಕೊಟ್ಟೇ ಇರ್ಲಿಲ್ಲ! ಇವ ಅದನ್ನ ಮಧ್ಯದವ್ರು ಯಾರೋ ಕೊಟ್ಟಿದ್ದಾರೆ ಅಂತ ತಿಳ್ಕೊಂಡಿದ್ದ. ಮಂಚದಿಂದ ಎದ್ದದ್ದು ಅವತ್ತು. ಎರಡು ವಾರ ಫೋನ್ ನೋಡದವ ಪ್ರೊಡಕ್ಷನಿನವ್ರಿಗೆ ದಿನಾ ಫೋನ್ ಮಾಡ್ಲಿಕ್ಕೆ ಶುರು ಮಾಡಿದ, ಹೆಸ್ರಿನ ಪಟ್ಟಿ ಮಾಡಿ ಕಳಿಸಿದ, ಅರ್ಧ ಬಂತು, ಉಳಿದದ್ದು ಬಹಳ ಸಮಯ ಎಳೆದು ಬಂತು. ನನ್ನ ಯಾವ ಮಾತಿಗಿಂತಲೂ ಅಜ್ಜಿಯ ಆ ಪ್ರಶ್ನೆ ಅವನಿಗೆ ಮದ್ದಾಯ್ತು ಅಂತ ನಂಗೆ ಯಾವಾಗ್ಲೂ ಅನಿಸುದು.

ಇನ್ನು ಖುಷಿಯ ವಿಷಯ. ಇದಕ್ಕೇ ಜಾಸ್ತಿ ಹೊತ್ತು ಹಿಡಿದದ್ದು. ಈ ಕೆಲಸದಲ್ಲಿ ನಿಂಗೆ ಇಷ್ಟ ಎಂತದು ಅಂತ ಕೇಳಿದ್ರೆ ಮೊದಲು ಎಲ್ಲರೂ ಹೇಳುವ ಹಾಗೆ "ಸಿನಿಮಾ ಮಾಡುದು ಕನಸು" ಅಂದ. ಕನಸು ಬಿಡು, ಕಳೆದ ಶೆಡ್ಯೂಲಲ್ಲಿ ಯಾವುದಾದ್ರೂ ಐದು ನಿಮಿಷ ಹೇಳು ಅಂತ ಒತ್ತಾಯ ಮಾಡಿದೆ. ತುಂಬಾ ಯೋಚಿಸಿ ಹೇಳಿದ್ದು, ಸೌಂಡಿನವ್ರು ಆಂಬಿಯೆನ್ಸ್ ತಗೊಳ್ಳುವ ಹೊತ್ತು. ನಂಗೆ ಗೊತ್ತಿರ್ಲಿಲ್ಲ, ಅವನೇ ವಿವರಿಸಿದ. ಒಂದು ಜಾಗದಲ್ಲಿ ಸೀನು ಮುಗಿದ ಮೇಲೆ, ಆ ಜಾಗದ್ದೇ ಬರೀ ಶಬ್ದ ಬೇಕಾಗ್ತದೆ, ಎಡಿಟಿಂಗಲ್ಲಿ ಮಾತಿನ ಮಧ್ಯೆ ತುಂಬಿಸ್ಲಿಕ್ಕೆ. ಆಗ ಅರ್ಧ ಒಂದು ನಿಮಿಷ ಎಲ್ಲರೂ ಇದ್ದಲ್ಲೇ ನಿಲ್ಬೇಕು, ಅಲ್ಲಾಡ್ಬಾರ್ದು, ಫೋನ್ ಇಲ್ಲ, ವಾಕಿ ಇಲ್ಲ. ನೂರು ಜನ ಇರುವ ಸೆಟ್ಟು, ಹೀರೋನಿಂದ ಹಿಡಿದು ಚಾ ಕೊಡುವವ್ರ ತನಕ, ಒಟ್ಟಿಗೆ ಸುಮ್ಮನೆ. ತೋಟದಲ್ಲಿ ಜೀರುಂಡೆ ಕೇಳ್ತದೆ, ದೂರದಲ್ಲಿ ರೈಲು ಬಂದ್ರೆ ಮತ್ತೆ ಮೊದಲಿಂದ. "ಆ ಒಂದು ನಿಮಿಷ ಯಾರೂ ಯಾರಿಗೂ ಬೈಲಿಕ್ಕೆ ಆಗುದಿಲ್ಲ ಮೇಡಂ" ಅಂತ ನಗಾಡಿದ. ಇಲ್ಲಿಗೆ ಬರ್ಲಿಕ್ಕೆ ಶುರು ಮಾಡಿದ ಮೇಲೆ ಮೊದಲ ಸಲ ನಕ್ಕದ್ದು.

ಮಾತು ಅಲ್ಲಿಂದ ಬಿಚ್ಚಿಕೊಂಡಿತು. ಫೋಕಸ್ ಪುಲ್ಲರ್, ಅಂದ್ರೆ ಕ್ಯಾಮೆರಾದ ಫೋಕಸ್ ತಿರುಗಿಸುವವ್ರು, ಒಬ್ರು ಉಂಟಂತೆ, ನಟ ಎರಡು ಹೆಜ್ಜೆ ತಪ್ಪಿ ಮುಂದೆ ಬಂದ್ರೂ ಅವ್ರ ಕೈ ತಾನಾಗಿ ತಿರುಗ್ತದೆ. ಲೈಟಿನ ಹುಡುಗ್ರು ಸಮುದ್ರದ ಗಾಳಿಗೆ ಹಾರುವ ಬಟ್ಟೆಯನ್ನ ಮೂರೇ ಹಗ್ಗದಲ್ಲಿ ಕಟ್ಟಿ ನಿಲ್ಲಿಸ್ತಾರೆ. ಕಾಸ್ಟ್ಯೂಮಿನ ಚೇಚಿ ಒಬ್ರು ಹಿಂದಿನ ದಿನ ಸೀರೆಯ ನೆರಿಗೆ ಎಷ್ಟಿತ್ತು ಅಂತ ಫೋಟೋ ನೋಡದೆ ಹೇಳ್ತಾರೆ. ಐವತ್ತು ದಾಟಿದ ಪ್ರೊಡಕ್ಷನ್ ಅಣ್ಣ ಒಬ್ರಿಗೆ ಯಾರಿಗೆ ಸಕ್ರೆ ಇಲ್ಲದ ಕಟ್ಟನ್ ಚಾ, ಯಾರಿಗೆ ಹಾಲು ಅಂತ ಎರಡನೇ ದಿನಕ್ಕೇ ಬಾಯಿಪಾಠ. ಹೇಳ್ತಾ ಹೇಳ್ತಾ ಅವನ ಮುಖವೇ ಬೇರೆ ಆಯ್ತು.

ಇದನ್ನೆಲ್ಲ ಅವ್ರಿಗೆ ಹೇಳಿದ್ದೀಯಾ ಅಂತ ಕೇಳಿದೆ. "ಇಲ್ಲ, ಹೇಳ್ಲಿಕ್ಕೆ ಹೊತ್ತೆಲ್ಲಿ?"

ಅವನಿಗೆ ಕೊಟ್ಟ ಮನೆಕೆಲಸ ಇದೊಂದೇ. ದಿನಾ ಶೂಟಲ್ಲಿ ಯಾರ ಕೆಲಸ ನೋಡ್ಲಿಕ್ಕೆ ಚಂದ ಇತ್ತು ಅಂತ ಒಬ್ರನ್ನ ಗುರ್ತಿಸುದು, ಪ್ಯಾಕಪ್ಪಿನ ಮೊದಲು ಅವ್ರ ಹತ್ರ ಹೋಗಿ ಒಂದು ವಾಕ್ಯದಲ್ಲಿ ಹೇಳುದು. "ಸೂಪರ್ ಚೇಟಾ" ಅಂತ ಅಲ್ಲ, ಅದು ಎಲ್ಲರೂ ಹೇಳ್ತಾರೆ. ಎಂತ ಚಂದ ಇತ್ತು ಅಂತ ಹೇಳ್ಬೇಕು, ಆ ಮೂರನೇ ಹಗ್ಗ ಕಟ್ಟಿದ್ದು ಅಂತ. ಕೃತಜ್ಞತೆಯ ಡೈರಿ ಬರೆಯುದು ಅಂತ ಒಂದು ಉಂಟು, ಕೆಲವ್ರಿಗೆ ಒಳ್ಳೆದಾಗ್ತದೆ, ಆದ್ರೆ ಇಂಥಾ ಕೆಲಸದವ್ರಿಗೆ ಮಲಗುವ ಮೊದಲು ಇನ್ನೊಂದು ಬರವಣಿಗೆ ಅಂದ್ರೆ ಅದೂ ಒಂದು ಡ್ಯೂಟಿಯೇ. ಮತ್ತೆ ಡೈರಿಯಲ್ಲಿ ಬರೆದದ್ದು ಲೈಟಿನ ಹುಡುಗನಿಗೆ ಕೇಳುದಿಲ್ಲವಲ್ಲ.

ಮುಂದಿನ ಶೆಡ್ಯೂಲಿಗೆ ಹೋದ. ಫೋನಲ್ಲಿ ಮಾತಾಡುವಾಗ ಹೇಳಿದ, ಮೊದಲು ಹೇಳಿದ್ದು ಜನರೇಟರ್ ನೋಡುವವ್ರಿಗಂತೆ, ಸೌಂಡಿಗೆ ತೊಂದ್ರೆ ಆಗದ ಹಾಗೆ ಗಾಡಿಯನ್ನ ತೋಡಿನ ಆಚೆ ತಿರುಗಿಸಿ ನಿಲ್ಲಿಸಿದ್ದಕ್ಕೆ. ಅವ್ರು ಸಂಶಯದಲ್ಲಿ ನೋಡಿ "ಎಂತ, ಸಾಲ ಬೇಕಾ?" ಅಂತ ಕೇಳಿದ್ರಂತೆ. ಮಲಯಾಳದಲ್ಲಿ ಇನ್ನೂ ಚಂದ ಉಂಟು, ಬರೀಲಿಕ್ಕೆ ಆಗುದಿಲ್ಲ. ಆಮೇಲೆ ಮಾತ್ರ ಅವ್ರೇ ಇವನಿಗೆ ಮಲಗ್ಲಿಕ್ಕೆ ಗಾಡಿಯಲ್ಲಿ ಜಾಗ ಮಾಡಿ ಕೊಡ್ತಾರಂತೆ. ಬೊಬ್ಬೆ ನಿಂತಿಲ್ಲ, ಆ ಶೆಡ್ಯೂಲಲ್ಲೇ ಇನ್ನೊಂದು ಸಲ ಹಾಕಿದ್ದಾನೆ, ಒಬ್ಬ ಹೊಸ ಹುಡುಗನಿಗೆ. ಆದ್ರೆ ಅದೇ ದಿನ ಸಂಜೆ ಹೋಗಿ ಮಾತಾಡಿದ, ಮಂಚ ಹತ್ತಲಿಲ್ಲ. ಮರುದಿನದ ಪ್ಲಾನ್ ಅಂತ ರಾತ್ರಿ ಗ್ರೂಪಿಗೆ ಹಾಕುವ ಮೆಸೇಜಲ್ಲಿ ಕ್ರೌಡಿಗೆ ನೆರಳು, ನೀರು, ಟಾಯ್ಲೆಟ್, ಯಾರು ನೋಡಿಕೊಳ್ಳುದು ಅಂತ ಒಂದು ಸಾಲು ಇವನೇ ಸೇರಿಸ್ಲಿಕ್ಕೆ ಶುರು ಮಾಡಿದ. ಚೀಫ್ ಅಸೋಸಿಯೇಟ್ ನಗಾಡಿದ್ರು, ತೆಗಿ ಅಂತ ಹೇಳ್ಲಿಲ್ಲ. ನೈಟ್ ಮುಗಿದ ದಿನ ಮಧ್ಯಾಹ್ನವೇ ಮತ್ತೆ ಕೆಲಸಕ್ಕೆ ಕರೆಯುದು ಬೇಡ ಅಂತ ಕೇಳಿದ್ದಕ್ಕೆ ಮಾತ್ರ ಆಗುದಿಲ್ಲ ಅಂತ ಉತ್ತರ ಬಂತು.

ರಾತ್ರಿ ಕೆಲಸ ನಮ್ಮೂರಿಗೆ ಹೊಸತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಬೆಳಗಿನ ತನಕ ಯಕ್ಷಗಾನದ ಆಟ ಕುಣಿಯುವವ್ರನ್ನ ನೋಡಿಯೇ ಬೆಳೆದದ್ದು ನಾವು. ಅಲ್ಲೂ ಬೈಗುಳ ಇತ್ತು, ಅಲ್ಲೂ ಸಂಬಳ ಕಮ್ಮಿ ಇತ್ತು, ಚೌಕಿಯನ್ನ (ವೇಷ ಕಟ್ಟುವ ಜಾಗ) ಸ್ವರ್ಗ ಅಂತ ಮಾಡುದು ಬೇಡ. ಆದ್ರೆ ಪತ್ತನಾಜೆ ಅಂತ ಒಂದು ಉಂಟಲ್ಲ, ಮೇ ಕೊನೆಗೆ ಮೇಳದವ್ರು ಗೆಜ್ಜೆ ಬಿಚ್ತಾರೆ, ಆ ವರ್ಷದ ತಿರುಗಾಟ ಮುಗಿಯಿತು ಅಂತ ದೇವರಿಗೂ ಗೊತ್ತು ಊರಿಗೂ ಗೊತ್ತು. ಸಿನಿಮಾದಲ್ಲಿ ಕುಂಬಳಕಾಯಿ ಒಡೀತಾರೆ, ಆದ್ರೆ ಎ.ಡಿ.ಗೆ ಮರುದಿನ ಡಬ್ಬಿಂಗಿನ ಫೋನು, ಇನ್ನೊಂದು ಸಿನಿಮಾದ ಲೊಕೇಶನ್ ಫೋಟೋ ಕಳಿಸು ಅಂತ ಮೆಸೇಜು. ಇವನ ತಂದೆ ಹವ್ಯಾಸಿ ವೇಷಧಾರಿ, ಹಾಗಾಗಿ ನಮ್ಮೊಳಗೆ ಮಾತು ಇದೇ ಆಗಿಬಿಟ್ಟಿತು, ಗೆಜ್ಜೆ ಬಿಚ್ಚಿದೆಯಾ ಅಂತ. ಶೆಡ್ಯೂಲ್ ಮುಗಿದ ಮೇಲೆ ಮೂರು ದಿನ ಸಿನಿಮಾದ ಗ್ರೂಪುಗಳು ಮ್ಯೂಟ್, ಮೊದಲ ದಿನ ಬರೀ ನಿದ್ದೆ, ಎರಡನೇ ದಿನ ತೋಟಕ್ಕೆ ಹೋಗುದು, ಯಾರ ಹತ್ರವಾದ್ರೂ ಶೂಟಿಂಗ್ ಬಿಟ್ಟು ಬೇರೆ ಮಾತಾಡುದು. ಅವಕಾಶ ಹೋಗ್ತದೆ ಅಂತ ಹೆದರಿದ, ಒಂದು ಹೋಯ್ತು ಕೂಡ.

ಇದನ್ನ ಓದುವವ್ರಲ್ಲಿ ಸಿನಿಮಾ ಮಾಡಿಸುವವ್ರೂ ಇರ್ಬಹುದು, ಅವ್ರಿಗೆ ಒಂದು ಮಾತು. "ನಮ್ಮದು ಒಂದೇ ಫ್ಯಾಮಿಲಿ" ಅಂತ ಹೇಳುವ ಯೂನಿಟ್ ಬಗ್ಗೆ ನಂಗೆ ಸ್ವಲ್ಪ ಸಂಶಯವೇ. ಫ್ಯಾಮಿಲಿ ಅಂದ್ಮೇಲೆ ಓವರ್‌ಟೈಮ್ ಕೇಳ್ಲಿಕ್ಕೆ ನಾಚಿಕೆ, ದುಡ್ಡು ಕೇಳ್ಲಿಕ್ಕೆ ನಾಚಿಕೆ. ವಾರಕ್ಕೆ 55 ಗಂಟೆ ದಾಟಿ ಕೆಲಸ ಮಾಡುವವ್ರಿಗೆ, 35ರಿಂದ 40 ಗಂಟೆ ಮಾಡುವವ್ರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿವೆ. ಎ.ಡಿ. ವಾರಕ್ಕೆ ಎಷ್ಟು ಮಾಡ್ತಿದ್ದ ಅಂತ ಲೆಕ್ಕ ಹಾಕಿದ್ರೆ ಈ ಅಂಕಿ ಸಣ್ಣದು ಕಾಣ್ತದೆ. ಇಂಥಾದ್ದನ್ನ ನಗುಮುಖ ಸರಿ ಮಾಡುದಿಲ್ಲ.

ಇನ್ನೊಂದು, ಬೈಗುಳ ಬೇರೆ, ಕಿರುಕುಳ ಬೇರೆ. ಕಾಸ್ಟ್ಯೂಮ್, ಮೇಕಪ್ಪಿನ ಹುಡುಗಿಯರು ನನ್ನ ಹತ್ರ ಬಂದಾಗ ಆಪ್ತಸಲಹೆಯಲ್ಲೇ ಮುಗಿಸುದು ಸರಿಯಲ್ಲ. ಮಲಯಾಳ ಸಿನಿಮಾದಲ್ಲಿ ಹೆಂಗಸ್ರ ಸ್ಥಿತಿ ನೋಡ್ಲಿಕ್ಕೆ ಕೇರಳ ಸರ್ಕಾರ ಮಾಡಿದ ಹೇಮಾ ಸಮಿತಿ 2017ರಲ್ಲಿ ಆದದ್ದು, 2019ರ ಕೊನೆಗೆ ವರದಿ ಕೊಟ್ಟಿತು, ಜನರ ಕೈಗೆ ಬಂದದ್ದು 2024ರ ಆಗಸ್ಟಲ್ಲಿ, ಅದ್ರಲ್ಲಿ ಸೆಟ್ಟಲ್ಲಿ ಟಾಯ್ಲೆಟ್ ಇಲ್ಲ, ಬಟ್ಟೆ ಬದಲಾಯಿಸ್ಲಿಕ್ಕೆ ಜಾಗ ಇಲ್ಲ ಅನ್ನುದರಿಂದ ಹಿಡಿದು ಎಲ್ಲ ಉಂಟು. 2022ರ ಮಾರ್ಚಲ್ಲಿ ಕೇರಳ ಹೈಕೋರ್ಟ್ ಪ್ರತಿ ಸಿನಿಮಾದ ಪ್ರೊಡಕ್ಷನ್ ಯೂನಿಟಿಗೂ ಆಂತರಿಕ ದೂರು ಸಮಿತಿ ಇರ್ಬೇಕು ಅಂತ ಹೇಳಿದೆ. ಹಾಗಾಗಿ ಯೂನಿಟಿಗೆ ಸೇರುವಾಗ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ, ಎ.ಡಿ.ಗೂ ಇದನ್ನ ತಿಳ್ಕೊಂಡಿರು ಅಂತ ಹೇಳಿದ್ದೇನೆ, ಯಾಕಂದ್ರೆ ಸೆಟ್ಟಲ್ಲಿ ಹುಡುಗಿಯರು ಮೊದಲು ಬಂದು ಹೇಳುದು ಇಂಥಾ ಹುಡುಗ್ರ ಹತ್ರವೇ.

ಮನೆಯವ್ರಿಗೆ ಕೊಟ್ಟ ಸಲಹೆ ಸಣ್ಣದು. ಬೆಳಿಗ್ಗೆ ಐದಕ್ಕೆ ಬಂದು ಮಲಗಿದವನನ್ನ ಎಂಟಕ್ಕೆ ಕಾಫಿಗೆ ಎಬ್ಬಿಸ್ಬೇಡಿ. ನೆಂಟ್ರ ಎದುರು "ಪಿ.ಎಸ್.ಸಿ. ಬರೆದಿದ್ರೆ ಇಷ್ಟು ಹೊತ್ತಿಗೆ" ಅಂತ ಶುರು ಮಾಡ್ಬೇಡಿ. ಎರಡು ವಾರ ದಾಟಿಯೂ ಮಂಕು ಬಿಡದಿದ್ರೆ, ಊಟ ನಿದ್ದೆ ಬಿಟ್ರೆ, ಬದುಕುದು ಬೇಡ ಅನ್ನುವ ಮಾತು ಬಾಯಿಗೆ ಬಂದ್ರೆ ನನ್ನಂಥವ್ರನ್ನ ಕಾಯ್ತಾ ಕೂರ್ಬೇಡಿ, ಮಾನಸಿಕ ತಜ್ಞರಲ್ಲಿಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡ್ಬಹುದು, ಕನ್ನಡದಲ್ಲೂ ಮಾತಾಡ್ತಾರೆ. ರಾತ್ರಿ ಮೂರಕ್ಕೆ ಪ್ಯಾಕಪ್ ಆಗುವವ್ರಿಗೆ ಇದು ಮುಖ್ಯ.

ಅವನ ಫೈಲು ಇನ್ನೂ ಮುಚ್ಚಿಲ್ಲ. ಮಳೆಗಾಲದಲ್ಲಿ ಕೆಲಸ ಕಮ್ಮಿ, ಆಗ ಬರ್ತೇನೆ ಅಂದಿದ್ದಾನೆ, ಎರಡು ಸಿನಿಮಾದ ಮಧ್ಯೆ ದುಡ್ಡಿಲ್ಲದ ತಿಂಗಳುಗಳನ್ನ ಎಂತ ಮಾಡುದು ಅನ್ನುದು ಇನ್ನೂ ಮಾತಾಡ್ಲಿಕ್ಕೆ ಬಾಕಿ. ಅಪ್ಪನನ್ನೂ ಒಂದು ಸಲ ಕರ್ಕೊಂಡು ಬಾ ಅಂತ ಹೇಳಿದೆ. "ನಂಗೆಂತ ಹುಚ್ಚಾ?" ಅಂತ ಕೇಳಿದ್ರಂತೆ ಅಪ್ಪ. ಪತ್ತನಾಜೆ ಕಳೀಲಿ, ಇನ್ನೊಂದು ಸಲ ಕೇಳುವ.